ಯಾವುದರ ಇಸವಿ? ನಿಮ್ಮೂರ ಮುಚ್ಚಿದ ರೈಲ್ವೆ ಸ್ಟೇಷನ್ನಿನ ಚರಿತ್ರೆ ಹುಡುಕುವ ದಾರಿ

ನಿಮ್ಮೂರಲ್ಲಿ ರೈಲು ನಿಲ್ಲದೆ ಹಾಳುಬಿದ್ದ ಸ್ಟೇಷನ್ ಒಂದಿದೆ, ಅದರ ಕಥೆ ಬರೆಯಬೇಕು ಅಂತ ಮನಸ್ಸಿದೆ ಅಂದುಕೊಳ್ಳಿ. ಹೊರಡುವ ಮೊದಲು ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಳ್ಳಿ: ಯಾವುದರ ಇಸವಿ?

ಯಾಕಂದರೆ ಸ್ಟೇಷನ್ನಿಗೆ ಒಂದೇ ಹುಟ್ಟಿದ ದಿನ ಇರುವುದಿಲ್ಲ. ಲೈನ್ ಶುರುವಾದದ್ದು ಒಂದು ವರ್ಷ. ಅಲ್ಲಿ ರೈಲು ನಿಲ್ಲತೊಡಗಿದ್ದು ಇನ್ನೊಂದು ವರ್ಷ. ಈಗ ಕಣ್ಣಿಗೆ ಕಾಣುವ ಕಟ್ಟಡ ಎದ್ದದ್ದು ಮತ್ಯಾವಾಗಲೋ. ಮುಚ್ಚುವುದೂ ಒಂದೇ ದಿನದ ಕೆಲಸವಲ್ಲ. ಮೊದಲು ಗೂಡ್ಸ್ ಬುಕಿಂಗ್ ನಿಲ್ಲುತ್ತದೆ. ಆಮೇಲೆ ಸ್ಟೇಷನ್ ಮಾಸ್ಟರ್ ಹುದ್ದೆ ಹೋಗಿ ಅದು ಹಾಲ್ಟ್ ಆಗುತ್ತದೆ, ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟ್ ಒಬ್ಬ ಬರುತ್ತಾನೆ. ಕೊನೆಗೆ ರೈಲು ನಿಲ್ಲುವುದೇ ಇಲ್ಲ. ಊರಲ್ಲಿ ಒಬ್ಬರು ಒಂದು ಇಸವಿ ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ನಂಜನಗೂಡಿನ ಹಳೇ ಸೇತುವೆಯನ್ನೇ ನೋಡಿ. ಕಪಿಲಾ ನದಿಯ ಮೇಲಿನ ಆ ಕಲ್ಲುಸೇತುವೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ್ದು. ಮೈಸೂರಿಗೆ ರೈಲು ಬಂದದ್ದೇ 1882ರಲ್ಲಿ. ಆ ಸೇತುವೆಯ ಮೇಲೆ ರೈಲು ಓಡಿದ್ದು ಅದಕ್ಕೂ ಆಮೇಲೆ. ಕಟ್ಟಡದ ವಯಸ್ಸನ್ನು ರೈಲಿನ ವಯಸ್ಸು ಅಂದುಕೊಂಡರೆ ಒಂದೂವರೆ ಶತಮಾನಕ್ಕಿಂತ ಜಾಸ್ತಿ ವ್ಯತ್ಯಾಸ ಬಂತಲ್ವಾ?

ನಾನು ಬೆಳೆದದ್ದು ಬೀರೂರು–ಶಿವಮೊಗ್ಗ ಲೈನಿನ ಪಕ್ಕದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕೀಮನ್. ಬೆಳಗಾದರೆ ಸುತ್ತಿಗೆ, ಸ್ಪ್ಯಾನರ್, ಬಾವುಟ ಹಿಡಿದು ತಮ್ಮ ಬೀಟ್ ನಡೆಯಲು ಹೊರಡುತ್ತಿದ್ದರು. ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಕೀಗಳು ಸಡಿಲವಾಗಿದ್ದರೆ ಹೊಡೆದು ಕೂರಿಸುವುದು, ಬೋಲ್ಟು ಬಿಗಿ ಮಾಡುವುದು ಅವರ ಕೆಲಸ. ಹಾಗಾಗಿ ಸ್ಟೇಷನ್ ಚರಿತ್ರೆ ಅಂದರೆ ನನಗೆ ಕಟ್ಟಡಕ್ಕಿಂತ ಅಲ್ಲಿ ದುಡಿದವರೇ ಮೊದಲು ನೆನಪಾಗುವುದು. ಇಲ್ಲಿ ಹೇಳುವ ದಾರಿಯಲ್ಲೂ ಆ ಒಲವು ಇದೆ.

ಲೈನ್ ಯಾರದ್ದಾಗಿತ್ತು?

ಇದನ್ನು ಮೊದಲು ತಿಳಿದುಕೊಳ್ಳಬೇಕು. ಕಾಗದಪತ್ರ ಇರುವುದು ಮಾಲೀಕರ ಹಿಂದೆ. ಇವತ್ತು ಕರ್ನಾಟಕ ಅಂತ ಕರೆಯುವ ನೆಲದಲ್ಲಿ ರೈಲು ಹಾಕಿದವರು ಒಬ್ಬರಲ್ಲ.

ಬೆಂಗಳೂರಿನ ದಂಡು ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬ್ರಾಡ್ ಗೇಜ್ (ಅಗಲ ಹಳಿ) ತಂದದ್ದು ಮದ್ರಾಸ್ ರೈಲ್ವೆ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮೈಸೂರು ಸಂಸ್ಥಾನದ ದುಡ್ಡಿನದು. 1876–78ರ ಭೀಕರ ಬರದಲ್ಲಿ ಹಸಿದ ಜನಕ್ಕೆ ಕೆಲಸ ಕೊಡಲೆಂದು ಅದರ ಮಣ್ಣಿನ ಕೆಲಸ ನಡೆಯಿತು, 1881–82ರಲ್ಲಿ ಲೈನ್ ಹಂತಹಂತವಾಗಿ ತೆರೆಯಿತು. ಆ ಏರಿಗಳ ಮಣ್ಣು ಹೊತ್ತವರು ಬರಗಾಲದ ಕೂಲಿಗಳು ಅನ್ನುವುದನ್ನು ಯಾವ ಸ್ಟೇಷನ್ನಿನ ಚರಿತ್ರೆಯಲ್ಲೂ ಬಿಡಬೇಡಿ. ಆಮೇಲೆ ಆ ಲೈನನ್ನು ಓಡಿಸಲು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿದರು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ಹಳಬರು ಎಂ.ಎಸ್.ಎಂ. ಅನ್ನುವುದು ಇದನ್ನೇ. ಸಂಸ್ಥಾನ ತನ್ನದೇ ಮೈಸೂರು ಸ್ಟೇಟ್ ರೈಲ್ವೆಯನ್ನೂ ನಡೆಸಿತು. ರಾಯಚೂರಿನಲ್ಲಿ ಮುಂಬೈ ಕಡೆಯ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದವು. ಬೀದರ್ ಕಡೆ ನಿಜಾಮರ ರೈಲ್ವೆ.

14 ಏಪ್ರಿಲ್ 1951ಕ್ಕೆ ಎಂ.ಎಸ್.ಎಂ., ಸೌತ್ ಇಂಡಿಯನ್, ಮೈಸೂರು ಸ್ಟೇಟ್ ಮೂರೂ ಸೇರಿ ಸದರ್ನ್ ರೈಲ್ವೆ. 1966ರಲ್ಲಿ ಹುಬ್ಬಳ್ಳಿ ವಿಭಾಗ ಸೌತ್ ಸೆಂಟ್ರಲ್ ರೈಲ್ವೆಗೆ ಹೋಯಿತು. 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಸೌತ್ ವೆಸ್ಟರ್ನ್ ರೈಲ್ವೆ ಬಂತು. ಈ ಇಸವಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಟಿಕೆಟ್ಟು, ಬೋರ್ಡು, ಬೀಗ, ರಸೀದಿ ಏನೇ ಸಿಕ್ಕರೂ ಅದರ ಮೇಲಿನ ರೈಲ್ವೆ ಹೆಸರು ನೋಡಿ ಕಾಲವನ್ನು ಅಂದಾಜು ಮಾಡಬಹುದು.

ಗೇಜ್ ಯಾವುದು ಅನ್ನುವುದನ್ನೂ ಆಗಲೇ ಖಚಿತ ಮಾಡಿಕೊಳ್ಳಿ. ಬ್ರಾಡ್ ಗೇಜ್ ಅಂದರೆ ಎರಡು ಹಳಿಗಳ ನಡುವೆ 1676 ಮಿ.ಮೀ., ಮೀಟರ್ ಗೇಜ್ 1000, ನ್ಯಾರೋ ಗೇಜ್ 762 ಅಥವಾ 610. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ–ಯಲಹಂಕ ಕಡೆ ಓಡುತ್ತಿದ್ದದ್ದು 762ರ ಪುಟ್ಟ ರೈಲು. ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಲ್ಟ್‌ಗಳ ಮುದ್ದಾದ ಕಲ್ಲುಕಟ್ಟಡಗಳು ಆ ಕಾಲದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಟ್ರಾಮ್ವೆ ಇನ್ನೂ ಕಿರಿದು, 610.

ನಮ್ಮಲ್ಲಿ ಸ್ಟೇಷನ್ನುಗಳು ಮುಚ್ಚಿಹೋಗಲು ದೊಡ್ಡ ಕಾರಣ ಗೇಜ್ ಬದಲಾವಣೆ. 1992ರಿಂದ ದೇಶಾದ್ಯಂತ ಮೀಟರ್ ಗೇಜನ್ನು ಬ್ರಾಡ್ ಮಾಡುವ ಕೆಲಸಕ್ಕೆ ವೇಗ ಬಂತು. ಹೊಸ ಲೈನ್ ಹಾಕುವಾಗ ತಿರುವು ನೇರ ಮಾಡಿದರು, ಸ್ಟೇಷನ್ ಪಕ್ಕಕ್ಕೆ ಸರಿಯಿತು, ಕೆಲವು ಬೇಡವೇ ಆದವು. ಉಗಿಬಂಡಿ ಇದ್ದಾಗ ದಾರಿಯಲ್ಲಿ ನೀರು ತುಂಬಿಸಲೇಬೇಕಿತ್ತು. ಡೀಸೆಲ್ ಬಂದ ಮೇಲೆ ಆ ಕಾರಣಕ್ಕೆ ನಿಲ್ಲುವುದೂ ತಪ್ಪಿತು. ಇನ್ನು 'ಮುಚ್ಚಿತು' ಅನ್ನುವ ಮಾತನ್ನೂ ಬಿಡಿಸಿ ನೋಡಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ 1979ರಲ್ಲಿ ತೆರೆಯಿತು, 1996ರಲ್ಲಿ ಗೇಜ್ ಬದಲಾವಣೆಗೆ ನಿಂತಿತು, ಬ್ರಾಡ್ ಆಗಿ ಗೂಡ್ಸ್ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ ರೈಲು 2007ರ ಕೊನೆಗೆ. ಆ ಘಾಟಿನ ಜನಕ್ಕೆ ನಡುವಿನ ಹತ್ತು ಹನ್ನೊಂದು ವರ್ಷ ಸ್ಟೇಷನ್ ಮುಚ್ಚಿದ್ದೇ ಸರಿ.

ಕುಳಿತಲ್ಲೇ ಆಗುವ ಕೆಲಸ

ಹಳೇ ಹೆಸರಿನಿಂದ ಹುಡುಕಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇದಿಲ್ಲದೆ ಏನೂ ಸಿಗಲ್ಲ. ಬಂಗಾರಪೇಟೆ ದಾಖಲೆಯಲ್ಲಿ ಬೌರಿಂಗ್‌ಪೇಟ್. ರಾಮನಗರ ಕ್ಲೋಸ್‌ಪೇಟ್. ಪಾಂಡವಪುರ ಫ್ರೆಂಚ್ ರಾಕ್ಸ್. ಕೆ.ಆರ್.ನಗರ ಯಡತೊರೆ. ಸ್ಟೇಷನ್ ಹೆಸರಿನ ಕೊನೆಗೆ 'ರೋಡ್' ಅಂತಿದ್ದರೆ ಆ ಊರು ಅಲ್ಲಿಂದ ದೂರ ಇದೆ ಅಂತ ಅರ್ಥ, ಸುಬ್ರಹ್ಮಣ್ಯ ರೋಡ್ ಇರುವ ಹಾಗೆ. ಅಂಥ ಕಡೆ ಸ್ಟೇಷನ್ ನಿಂತಿರುವ ಹಳ್ಳಿಯ ಹೆಸರಿನಲ್ಲೂ ಹುಡುಕಬೇಕು.

ಲೈನ್ ತೆರೆದ ತಾರೀಕು ಬೇಕಾದರೆ, ಬ್ರಿಟಿಷರ ಕಾಲದಿಂದ ರೈಲ್ವೆ ಬೋರ್ಡ್ ಪ್ರಕಟಿಸುತ್ತಿದ್ದ ಭಾರತೀಯ ರೈಲ್ವೆಗಳ ಇತಿಹಾಸದ ಪುಸ್ತಕ ನೋಡಿ. ಯಾವ ತುಂಡು ಯಾವ ದಿನ ತೆರೆಯಿತು ಅಂತ ಅದರಲ್ಲಿ ಪಟ್ಟಿ ಇರುತ್ತದೆ. ನೆನಪಿರಲಿ, ಅದು ಲೈನಿನ ತಾರೀಕು. ನಡುವಿನ ಸಣ್ಣ ಸ್ಟೇಷನ್ ಅದೇ ದಿನ ಶುರುವಾಯಿತು ಅಂತ ಅದು ಹೇಳುವುದಿಲ್ಲ.

ಸಣ್ಣ ಸ್ಟೇಷನ್ನಿಗೆ ಬೇಕಾದದ್ದು ಹಳೇ ಟೈಮ್‌ಟೇಬಲ್. ಕಲ್ಕತ್ತೆಯ ನ್ಯೂಮನ್ ಕಂಪನಿ 1860ರ ದಶಕದಿಂದ ಇಡೀ ದೇಶದ ರೈಲು ವೇಳೆಯನ್ನು ಇಂಡಿಯನ್ ಬ್ರಾಡ್‌ಷಾ ಹೆಸರಲ್ಲಿ ಅಚ್ಚು ಹಾಕುತ್ತಿತ್ತು. ಎರಡು ಬೇರೆ ವರ್ಷದ ಪ್ರತಿ ಪಕ್ಕಪಕ್ಕ ಇಟ್ಟುಕೊಳ್ಳಿ. ಹಿಂದಿನದರಲ್ಲಿ ಇಲ್ಲದ ಹೆಸರು ಮುಂದಿನದರಲ್ಲಿ ಇದ್ದರೆ ಸ್ಟೇಷನ್ ಹುಟ್ಟಿದ್ದು ಆ ನಡುವೆ. ಮುಚ್ಚಿದ್ದನ್ನೂ ಹೀಗೇ ಹಿಡಿಯಬಹುದು. ರೈಲ್ವೆ ನೌಕರರಿಗೇ ಮೀಸಲಾದ ವರ್ಕಿಂಗ್ ಟೈಮ್‌ಟೇಬಲ್ ಸಿಕ್ಕರೆ ನಿಮ್ಮ ಪುಣ್ಯ. ಎಲ್ಲಿ ಎರಡು ರೈಲು ಕ್ರಾಸಿಂಗ್ ಆಗುತ್ತಿದ್ದವು, ಯಾವ ಸ್ಟೇಷನ್ ಯಾವ ದರ್ಜೆಯದು, ವೇಗದ ಮಿತಿ ಎಲ್ಲಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ನಿವೃತ್ತ ಗಾರ್ಡ್, ಡ್ರೈವರ್‌ಗಳ ಮನೆಯ ಟ್ರಂಕಿನಲ್ಲಿ ಇಂಥವು ಈಗಲೂ ಇವೆ.

ಸಂಸ್ಥಾನದ ಲೈನಾದರೆ ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿ ಓದಿ. ರೈಲ್ವೆಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇರುತ್ತದೆ. ಎಷ್ಟೋ ವರ್ಷದವು ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಬಿ.ಎಲ್. ರೈಸ್ ಅವರ ಮತ್ತು ಹಯವದನ ರಾಯರ ಮೈಸೂರು ಗೆಜೆಟಿಯರ್‌ಗಳೂ ಕೈಯಲ್ಲಿರಲಿ. ಮೂಲ ಕಡತಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳ ಪಟ್ಟಿಯನ್ನು ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಬಳ್ಳಾರಿ, ಮಂಗಳೂರು ಕಡೆಯವರು ಚೆನ್ನೈ ಪತ್ರಾಗಾರಕ್ಕೂ, ಧಾರವಾಡ, ಬೆಳಗಾವಿ ಕಡೆಯವರು ಮುಂಬೈಗೂ ಹೋಗಬೇಕಾಗಬಹುದು. ಕಂಪನಿಗಳ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇವೆ, ಆದರೆ ಸಣ್ಣ ಸ್ಟೇಷನ್ನಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಮ್ಯಾಪ್ ನೋಡುವುದು ನನಗೆ ತುಂಬಾ ಇಷ್ಟದ ಕೆಲಸ. ಅಮೆರಿಕದ ಸೈನ್ಯ 1950ರ ದಶಕದಲ್ಲಿ ಭಾರತದ ಮ್ಯಾಪ್‌ಗಳನ್ನು ಅಚ್ಚು ಹಾಕಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಅವನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. ಅದರಲ್ಲಿ ನಿಮ್ಮ ಸ್ಟೇಷನ್ ಗುರುತಿಸಿ, ಆಮೇಲೆ ಗೂಗಲ್ ಅರ್ಥ್ ತೆರೆಯಿರಿ. ಹಳಿ ಕಿತ್ತು ಹೋಗಿದ್ದರೂ ಲೈನ್ ಹೋದ ದಾರಿ ಮೇಲಿಂದ ಕಾಣುತ್ತದೆ. ಹೊಲದ ಬದುಗಳೆಲ್ಲ ಒಂದು ಲೆಕ್ಕದಲ್ಲಿ ಇರುವಾಗ ಅವನ್ನು ಓರೆಯಾಗಿ ಕತ್ತರಿಸಿಕೊಂಡು ಉದ್ದಕ್ಕೆ, ನಿಧಾನಕ್ಕೆ ಬಾಗುವ ಒಂದು ಪಟ್ಟಿ ಇರುತ್ತದೆ. ಎತ್ತಿನಗಾಡಿ ದಾರಿ ಅಷ್ಟು ನಯವಾಗಿ ತಿರುಗುವುದಿಲ್ಲ. ಏರಿಯ ಪಕ್ಕ ಸಾಲಾಗಿ ಹಳ್ಳಗಳಿದ್ದರೆ ಇನ್ನೂ ಖಚಿತ. ಏರಿ ಕಟ್ಟಲು ಮಣ್ಣು ತೆಗೆದ ಗುಂಡಿಗಳು ಅವು. ಮಳೆಗಾಲದ ಚಿತ್ರ ಆರಿಸಿಕೊಳ್ಳಿ, ನೀರು ನಿಂತು ಹೊಳೆಯುತ್ತವೆ.

ಜಾಗಕ್ಕೆ ಹೋದಾಗ

ಹೋಗುವ ಮುನ್ನ ಒಂದು ಎಚ್ಚರಿಕೆ. ಸ್ಟೇಷನ್ ಮುಚ್ಚಿದ್ದರೂ ಜಾಗ ರೈಲ್ವೆಯದ್ದೇ. ಅನುಮತಿ ಇಲ್ಲದೆ ಒಳಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಬೀಳಬಹುದು. ಹತ್ತಿರದ ದೊಡ್ಡ ಸ್ಟೇಷನ್ನಿನ ಮಾಸ್ಟರನ್ನು ಕಂಡು ಬರವಣಿಗೆಯಲ್ಲಿ ಕೇಳಿ. ಪಕ್ಕದಲ್ಲಿ ಹೊಸ ಲೈನ್ ಓಡುತ್ತಿದ್ದರೆ ಹಳಿಯ ಹತ್ತಿರವೂ ಸುಳಿಯಬೇಡಿ. ಪಾಳು ಕಟ್ಟಡದ ಜಂತಿ ಕೊಳೆತಿರುತ್ತದೆ, ಹಿಂದೆ ಬಾವಿ ಇರುತ್ತದೆ, ಹಾವಿರುತ್ತದೆ. ಜೊತೆಗೆ ಒಬ್ಬರು ಇರಲಿ.

ಮೊದಲು ಹಳಿ ನೋಡಿ. ಲೈನ್ ಕಿತ್ತಿದ್ದಾರೆ, ಹಳಿ ಎಲ್ಲಿದೆ ಅಂತೀರಾ? ಬೇಲಿಯ ಕಂಬ ನೋಡಿ. ಶೆಡ್ಡಿನ ತೊಲೆ ನೋಡಿ. ದೀಪದ ಕಂಬ, ಬೋರ್ಡು ನಿಲ್ಲಿಸಿದ ಕಾಲು, ಗಂಟೆ ಅಂತ ತೂಗುಹಾಕಿದ ತುಂಡು, ಎಲ್ಲಾ ಹಳೇ ಹಳಿಯೇ. ಹಳಿಯ ನಡುಭಾಗದ ಒಂದು ಬದಿಯಲ್ಲಿ ಉಬ್ಬಿದ ಅಕ್ಷರ ಇರುತ್ತದೆ. ಕಾರ್ಖಾನೆ ಹೆಸರು, ಇಸವಿ, ಕೆಲವೊಮ್ಮೆ ತಿಂಗಳು, ತೂಕ, ಕೊಂಡ ರೈಲ್ವೆಯ ಮೊದಲಕ್ಷರಗಳು.

ಓದುವ ಬಗೆ ಹೀಗೆ. ಕಬ್ಬಿಣದ ಬ್ರಷ್ ಹಾಕಿ ಉಜ್ಜಬೇಡಿ, ತುಕ್ಕಿನ ಜೊತೆ ಅಕ್ಷರವೂ ಎದ್ದುಬರುತ್ತದೆ. ತೆಂಗಿನನಾರಿನಲ್ಲಿ ಮೆಲ್ಲಗೆ ಮಣ್ಣು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಒಂದೇ ದಿಕ್ಕಿಗೆ ಸವರಿ. ಉಬ್ಬಿದ ಕಡೆ ಮಾತ್ರ ಬಿಳಿ ಹಿಡಿಯುತ್ತದೆ. ಬಿಸಿಲು ನೆತ್ತಿ ಮೇಲಿದ್ದರೆ ಏನೂ ಕಾಣಲ್ಲ, ಸಂಜೆ ಓರೆ ಬಿಸಿಲಿಗೆ ಹೋಗಿ. ಇಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಹಳಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಬಿಡಿ. ತೆಳು ಕಾಗದ ಒತ್ತಿಹಿಡಿದು ಪೆನ್ಸಿಲ್ ಉಜ್ಜಿದರೆ ಅಕ್ಷರದ ಪಡಿಯಚ್ಚೂ ಸಿಗುತ್ತದೆ, ಮನೆಗೆ ತಂದು ನಿಧಾನವಾಗಿ ಓದಬಹುದು.

ಬ್ಯಾರೋ, ಕ್ಯಾಮೆಲ್, ಬೋಲ್ಕೋ ವಾನ್, ಇವೆಲ್ಲ ಇಂಗ್ಲೆಂಡಿನ ಉಕ್ಕಿನ ಕಾರ್ಖಾನೆಗಳು. ಟಾಟಾ ಹೆಸರಿದ್ದರೆ 1912ಕ್ಕಿಂತ ಹಿಂದಿನದಲ್ಲ, ಟಾಟಾ ಕಂಪನಿ ಉಕ್ಕು ತೆಗೆಯಲು ಶುರುಮಾಡಿದ್ದೇ ಆಗ. 50 ಆರ್, 60 ಆರ್ ಅಂತಿದ್ದರೆ ಗಜಕ್ಕೆ ಅಷ್ಟು ಪೌಂಡು ತೂಕದ ಹಳಿ. 52 ಕೆ.ಜಿ. ಅಂತಿದ್ದರೆ ಮೀಟರಿಗೆ ಅಷ್ಟು, ಅದು ಈಚಿನದು.

ಈಗ ಆ ಪ್ರಶ್ನೆ ಕೇಳಿ. ಕಂಬದ ಮೇಲೆ 1886 ಅಂತಿದೆ. ಯಾವುದರ ಇಸವಿ? ಆ ಉಕ್ಕು ಕಾರ್ಖಾನೆಯಿಂದ ಹೊರಬಂದ ಇಸವಿ, ಅಷ್ಟೇ. ಮೇನ್ ಲೈನಿನಲ್ಲಿ ಸವೆದ ಹಳಿಯನ್ನು ಬ್ರಾಂಚ್ ಲೈನಿಗೆ ಹಾಕುತ್ತಿದ್ದರು. ಅಲ್ಲಿಂದ ಸೈಡಿಂಗಿಗೆ. ಕೊನೆಗೆ ಕತ್ತರಿಸಿ ಬೇಲಿಗೆ. ಆದ್ದರಿಂದ ಒಂದೇ ಕಂಬ ನೋಡಿ ಬರಬೇಡಿ, ಸಿಕ್ಕಷ್ಟನ್ನೂ ಓದಿ. ಎಲ್ಲಕ್ಕಿಂತ ಈಚಿನ ಇಸವಿ ಯಾವುದೋ ಅದಕ್ಕಿಂತ ಮೊದಲು ಆ ಬೇಲಿ ಪೂರ್ತಿ ಆಗಿರಲು ಸಾಧ್ಯವಿಲ್ಲ. ಹಳೇ ಇಸವಿ ಖುಷಿ ಕೊಡುತ್ತದೆ, ಆದರೆ ಉಪಯೋಗಕ್ಕೆ ಬರುವುದು ಹೊಸ ಇಸವಿ.

ಹಂಚಿಗೂ ಇದೇ ಮಾತು. ಮಂಗಳೂರು ಹಂಚಿನ ಬೆನ್ನಿಗೆ ಕಾರ್ಖಾನೆ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ, ಆಮೇಲೆ ಬೇರೆಯವರೂ ಶುರುಮಾಡಿದರು. ಆದರೆ ಮಂಗ ಒಡೆದದ್ದು, ಗಾಳಿಗೆ ಹಾರಿದ್ದು ಅಂತ ಹಂಚು ಬದಲಾಗುತ್ತಲೇ ಇರುತ್ತದೆ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಇರಬಹುದು.

ಗೇಜ್ ಗೊತ್ತಾಗದಿದ್ದರೆ ಹಳಿಯ ಕೆಳಗೆ ಅಡ್ಡ ಹಾಕುತ್ತಿದ್ದ ಮರದ ಸ್ಲೀಪರ್ ಹುಡುಕಿ. ಅಕ್ಕಪಕ್ಕದ ಮನೆಗಳಲ್ಲಿ ಬಾಗಿಲವಾಡ, ಕಟ್ಟೆಯ ಬೆಂಚು, ದನದ ಕೊಟ್ಟಿಗೆಯ ಕಂಬ ಆಗಿ ನಿಂತಿರುತ್ತದೆ. ಕತ್ತರಿಸದೆ ಉಳಿದದ್ದು ಸಿಕ್ಕರೆ ಅಳೆಯಿರಿ. ಸುಮಾರು 275 ಸೆಂ.ಮೀ. ಇದ್ದರೆ ಬ್ರಾಡ್, 183 ಇದ್ದರೆ ಮೀಟರ್, 152ರ ಹತ್ತಿರ ಇದ್ದರೆ 762ರ ನ್ಯಾರೋ ಗೇಜ್.

ಇನ್ನು ಸುತ್ತಲೂ ನಡೆಯಿರಿ. ಎತ್ತರದ ಕಲ್ಲುಕಟ್ಟೆಯ ಮೇಲೆ ನೀರಿನ ತೊಟ್ಟಿ ಇದ್ದರೆ ಉಗಿಬಂಡಿ ಇಲ್ಲಿ ನೀರು ಕುಡಿಯುತ್ತಿತ್ತು, ಹತ್ತಿರ ಬಾವಿಯೋ ಕೆರೆಯೋ ಇರಲೇಬೇಕು. ಗೂಡ್ಸ್ ಶೆಡ್ಡು ಪ್ಯಾಸೆಂಜರ್ ಕಟ್ಟಡಕ್ಕಿಂತ ದೊಡ್ಡದಿದ್ದರೆ ಈ ಸ್ಟೇಷನ್ ಜನಕ್ಕಲ್ಲ, ಮಾಲಿಗೆ ಹುಟ್ಟಿದ್ದು. ಅದೇನು ಮಾಲು ಅಂತ ಹುಡುಕಿ. ಕೆ.ಜಿ.ಎಫ್. ಕಡೆ ಚಿನ್ನದ ಗಣಿ ಲೈನ್ ಎಳೆಸಿತು. ಮಲೆನಾಡಿನಲ್ಲಿ ಮರ. ಭದ್ರಾವತಿ, ಮಂಡ್ಯಕ್ಕೆ ರೈಲು ಮೊದಲು ಬಂತು, ಕಬ್ಬಿಣದ ಕಾರ್ಖಾನೆಯ ಮತ್ತು ಸಕ್ಕರೆಯ ಮಾಲು ಆಮೇಲೆ. ನಿಮ್ಮೂರಿಗೆ ಬೆಲ್ಲದ ಸಂತೆಯೋ ಕಡಲೆಕಾಯಿಯೋ ಇದ್ದಿರಬಹುದು. ಕೈಮರ (ಸಿಗ್ನಲ್ ಕಂಬ) ಇದ್ದ ಕಡೆ ಗುಂಡಿ ಉಳಿದಿರುತ್ತದೆ. ಪ್ಲಾಟ್‌ಫಾರಂ ನೆಲಕ್ಕೆ ಸಮ ಇದ್ದರೆ ಹಳೇದು ಹಾಗೇ ಉಳಿದಿದೆ, ಎತ್ತರ ಇದ್ದರೆ ಆಮೇಲೆ ಏರಿಸಿದ್ದಾರೆ. ಹೆಸರಿನ ಬೋರ್ಡಿನಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರಲ್ಲ, ಅದು ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ಅನ್ನುವುದೂ ಒಂದು ಸುಳಿವು. ಮೋರಿಗಳ ಮೇಲಿನ ನಂಬರನ್ನೂ ಬರೆದುಕೊಳ್ಳಿ.

ಯಾವುದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಒಂದು ಹಂಚು, ಒಂದು ಬೋಲ್ಟು ಕೂಡ. ಅದು ಇದ್ದ ಜಾಗದಲ್ಲಿ ಇದ್ದರೇ ಅದಕ್ಕೆ ಬೆಲೆ.

ಕಾಗದ ಕಾಯುತ್ತದೆ, ಅಜ್ಜ ಕಾಯಲ್ಲ

ಪತ್ರಾಗಾರಕ್ಕೆ ಮುಂದಿನ ವರ್ಷ ಹೋದರೂ ಆಗುತ್ತದೆ. ಪಾಯಿಂಟ್ಸ್‌ಮನ್ (ಗಾಡಿಗೆ ಹಳಿಯ ದಾರಿ ತಿರುಗಿಸುವವನು) ಆಗಿದ್ದ ಅಜ್ಜನ ಹತ್ತಿರ ಈ ವಾರವೇ ಹೋಗಿ. ಸ್ಟೇಷನ್ ಮಾಸ್ಟರ್‌ಗಳು ವರ್ಗ ಆಗಿ ಬಂದುಹೋದವರು, ಅವರಿಗೆ ಊರು ಅಷ್ಟು ನೆನಪಿರಲ್ಲ. ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್, ಗೇಟ್‌ಮನ್, ಹಮಾಲಿ, ಟೀ ಅಂಗಡಿಯವರು, ಇವರು ಅಲ್ಲೇ ಇದ್ದವರು. ಅವರ ಮನೆಯ ಹೆಂಗಸರನ್ನು ಮರೆಯಬೇಡಿ. ಕ್ವಾರ್ಟರ್ಸಿಗೆ ನೀರು ಎಲ್ಲಿಂದ ಬರುತ್ತಿತ್ತು, ರಾತ್ರಿ ಪಾಳಿಯ ಊಟ ಹೇಗೆ ಹೋಗುತ್ತಿತ್ತು, ಹೆರಿಗೆಗೆ ಯಾವ ಗಾಡಿ ಹತ್ತಿ ಆಸ್ಪತ್ರೆಗೆ ಹೋದರು ಅನ್ನುವುದು ಅವರಿಗೇ ಗೊತ್ತು. ನಮ್ಮಮ್ಮ ರೈಲಿನ ಸದ್ದು ಕೇಳಿಯೇ ಒಲೆ ಮೇಲೆ ಅನ್ನಕ್ಕಿಡುತ್ತಿದ್ದರು.

ಹೋದ ತಕ್ಷಣ "ಸ್ಟೇಷನ್ ಯಾವ ಇಸವಿಯಲ್ಲಿ ಮುಚ್ಚಿತು?" ಅಂತ ಕೇಳಬೇಡಿ. ಇಸವಿ ಯಾರಿಗೂ ನೆನಪಿರಲ್ಲ, ಸುಮ್ನೆ ಒಂದು ಹೇಳಿಬಿಡುತ್ತಾರೆ, ಆಮೇಲೆ ಅದೇ ನಿಜ ಅನ್ನಿಸಿಬಿಡುತ್ತದೆ. ಘಟನೆ ಹಿಡಿದು ಕೇಳಿ.

"ಅಜ್ಜಾ, ಎಪ್ಪತ್ನಾಲ್ಕರ ಸ್ಟ್ರೈಕಿನಲ್ಲಿ ನೀವಿದ್ರಾ?" ಅಂತ ಶುರುಮಾಡಿ. 1974ರ ಮೇ ತಿಂಗಳ ರೈಲ್ವೆ ಮುಷ್ಕರ ಯಾವ ರೈಲ್ವೆ ಮನೆಯೂ ಮರೆತಿಲ್ಲ. ಕೆಲಸ ಹೋದವರು, ಜೈಲಿಗೆ ಹೋದವರು, ಕ್ವಾರ್ಟರ್ಸ್ ಖಾಲಿ ಮಾಡಿಸಿಕೊಂಡವರು ಇದ್ದಾರೆ. ಆಗ ಇಲ್ಲಿ ಎಷ್ಟು ಜನ ಸ್ಟಾಫ್ ಇದ್ದರು ಅಂತ ಕೇಳಿದರೆ ಬೆರಳು ಮಡಚಿ ಹೆಸರು ಹೇಳುತ್ತಾರೆ. ಇಂದಿರಾ ಗಾಂಧಿ ತೀರಿಕೊಂಡಾಗ, ಅಂದರೆ 1984ರಲ್ಲಿ, ಗಾಡಿ ನಿಲ್ಲುತ್ತಿತ್ತಾ? ರಾಜ್‌ಕುಮಾರ್ ಅಪಹರಣ ಆದಾಗ, 2000ದಲ್ಲಿ? ನಿಮ್ಮ ಮದುವೆ ದಿಬ್ಬಣ ರೈಲಲ್ಲಿ ಬಂತಾ, ಮಗಳದ್ದು? ಹೀಗೆ ಎರಡು ಗೂಟ ಹೊಡೆದರೆ ಮುಚ್ಚಿದ ಕಾಲ ಅವುಗಳ ನಡುವೆ ಸಿಗುತ್ತದೆ.

ಕೆಲಸವನ್ನು ಕೈಯಲ್ಲೇ ಮಾಡಿ ತೋರಿಸಲು ಹೇಳಿ. ನಾನು ಮಾತಾಡಿಸಿದ ಒಬ್ಬ ಹಿರಿಯರು ಟೋಕನ್ ವಿಷಯ ಬಂದ ಕೂಡಲೇ ಎದ್ದು ನಿಂತರು. ಒಂಟಿ ಲೈನಿನಲ್ಲಿ ಎರಡು ಗಾಡಿ ಎದುರುಬದುರು ಬರದ ಹಾಗೆ ಕಾಯುತ್ತಿದ್ದದ್ದು ಆ ಟೋಕನ್. ನೀಲ್ಸ್ ಯಂತ್ರ ಅಂತ ಎರಡೂ ಸ್ಟೇಷನ್ನಿನಲ್ಲಿ ಒಂದೊಂದು ಇರುತ್ತಿತ್ತು, ತಂತಿಯಲ್ಲಿ ಒಂದಕ್ಕೊಂದು ಜೋಡಣೆ. ಟೋಕನ್ ಅಂದರೆ ಅದರೊಳಗಿನ ಲೋಹದ ಉಂಡೆ. ಒಂದು ಉಂಡೆ ಹೊರಗೆ ಬಂದರೆ, ಅದು ಮತ್ತೆ ಯಂತ್ರದ ಒಳಗೆ ಹೋಗುವವರೆಗೆ ಎರಡೂ ಕಡೆ ಇನ್ನೊಂದು ಬರುವುದಿಲ್ಲ. ಆ ಉಂಡೆಯನ್ನು ಚರ್ಮದ ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಕಟ್ಟುತ್ತಿದ್ದರು. ನಿಲ್ಲದ ಗಾಡಿ ಬಂದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ಅಂಚಿಗೆ ನಿಂತು ಬಳೆಯನ್ನು ಎತ್ತಿಹಿಡಿಯಬೇಕು, ಇಂಜಿನ್ನಿನವನು ತೋಳು ತೂರಿಸಿ ಎಳೆದುಕೊಳ್ಳುತ್ತಾನೆ, ಹಿಂದಿನ ಸ್ಟೇಷನ್ನಿನ ಬಳೆಯನ್ನು ಕೆಳಗೆ ಎಸೆಯುತ್ತಾನೆ. ಹಿರಿಯರು ಎಡಗಾಲು ಹಿಂದಿಟ್ಟು, ಮೈಯನ್ನು ಹಿಂದಕ್ಕೆ ವಾಲಿಸಿ, ಬಲಗೈಯನ್ನು ಮಾತ್ರ ಮುಂದೆ ಚಾಚಿ ತೋರಿಸಿದರು. ಮುಖ ಪಕ್ಕಕ್ಕೆ ತಿರುಗಿತ್ತು. ಯಾಕೆ ಅಂತ ಕೇಳಿದೆ. "ಕೆಂಡ ಹಾರ್ತಿತ್ತಮ್ಮಾ, ಕಣ್ಣಿಗೆ" ಅಂದರು. ಇದು ಯಾವ ವರದಿಯಲ್ಲೂ ಸಿಗಲ್ಲ. ಉಂಡೆಯ ಮೇಲೆ ಎರಡೂ ಸ್ಟೇಷನ್ನಿನ ಹೆಸರು ಕೊರೆದಿರುತ್ತಿತ್ತು. ನಿಮ್ಮ ಸ್ಟೇಷನ್ನಿನ ಹೆಸರಿರುವ ಉಂಡೆಯ ಫೋಟೋ ಎಲ್ಲಾದರೂ ಸಿಕ್ಕರೆ, ಅಲ್ಲಿ ಕ್ರಾಸಿಂಗ್ ಇತ್ತು, ಅಕ್ಕಪಕ್ಕದ ಬ್ಲಾಕ್ ಸ್ಟೇಷನ್ (ಟೋಕನ್ ಬದಲಾಗುವ ಮುಂದಿನ ಸ್ಟೇಷನ್) ಇಂಥದ್ದು ಅನ್ನುವುದಕ್ಕೆ ಅದೇ ಸಾಕ್ಷಿ.

ಮನೆಯಲ್ಲಿ ಏನಿದೆ ಅಂತ ಕೊನೆಗೆ ಕೇಳಿ. ಪಿಂಚಣಿ ಪುಸ್ತಕ, ವರ್ಗಾವಣೆ ಆದೇಶ, ಪಾಸು, ಬೀಳ್ಕೊಡುಗೆ ಫೋಟೋ. ಬೀಳ್ಕೊಡುಗೆ ಫೋಟೋದಲ್ಲಿ ಹಾರ ಹಾಕಿಕೊಂಡವರಿಗಿಂತ ಹಿಂದಿನ ಗೋಡೆ ನಿಮಗೆ ಮುಖ್ಯ. ದರದ ಪಟ್ಟಿ, ಗಡಿಯಾರ, ಟಿಕೆಟ್ ಕಿಟಕಿ, ಎಲ್ಲ ಅಲ್ಲೇ ಇರುತ್ತದೆ. ವಸ್ತುವನ್ನು ಕೇಳಿ ತರಬೇಡಿ. ಅವರ ಎದುರಿಗೇ ಫೋಟೋ ತೆಗೆದುಕೊಂಡು ಅವರ ಕೈಗೇ ಕೊಡಿ. ಮಾತನ್ನು ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ, ಹೆಸರು ಹಾಕಬಹುದಾ ಅಂತಲೂ ಕೇಳಿ.

ಹಳೇ ರಟ್ಟಿನ ಟಿಕೆಟ್ ಸಿಕ್ಕರೆ ಎರಡೂ ಬದಿ ಫೋಟೋ ತೆಗೆಯಿರಿ. ಸುಮಾರು 57 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಚಿಕ್ಕ ರಟ್ಟು. ತಾರೀಕಿನ ಅಚ್ಚು ಅಳಿಸಿಹೋಗಿದ್ದರೂ ಕಾಲ ಹೇಳಬಹುದು. ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮುಂಚಿನ ಅಚ್ಚು. ನಯಾ ಪೈಸೆ ಅಂತಿದ್ದರೆ 1957ರಿಂದ 1964ರ ಆಸುಪಾಸಿನದು. ಮೂರನೇ ದರ್ಜೆ ಅಂತಿದ್ದರೆ 1974ಕ್ಕಿಂತ ಹಿಂದಿನದು, ಆ ವರ್ಷ ಆ ದರ್ಜೆಯನ್ನೇ ತೆಗೆದರು. ಇಲ್ಲೂ ಒಂದು ಮಾತು: ಅದು ಅಚ್ಚಾದ ಕಾಲ. ಸಣ್ಣ ಸ್ಟೇಷನ್ನಿನಲ್ಲಿ ಒಂದು ಕಟ್ಟು ಟಿಕೆಟ್ ಖರ್ಚಾಗಲು ವರ್ಷಗಟ್ಟಲೆ ಬೇಕು, ಹಳೇ ದರ ಹೊಡೆದುಹಾಕಿ ಹೊಸದು ಬರೆದು ಮಾರುತ್ತಿದ್ದರು.

ಕಚೇರಿಯ ಕಾಗದ

ಹಳ್ಳಿಯ ನಕ್ಷೆ ಮತ್ತು ಪಹಣಿ ತೆಗೆಸಿ. ರೈಲ್ವೆಗೆ ಹೋದ ಜಮೀನಿನ ಸರ್ವೆ ನಂಬರ್ ಅದರಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಬಹುದು. ಆ ನಂಬರ್ ಹಿಡಿದು ಹಳೇ ಮೈಸೂರು ಗೆಜೆಟ್‌ನ ಭೂಸ್ವಾಧೀನ ಪ್ರಕಟಣೆಗಳನ್ನು ಹುಡುಕಿ. ಯಾರ ಜಮೀನು, ಎಷ್ಟು ಎಕರೆ ಗುಂಟೆ, ಯಾವ ಕೆಲಸಕ್ಕೆ ಅಂತ ಇರುತ್ತದೆ. ಸ್ಟೇಷನ್ನಿಗೆ ಜಮೀನು ಬಿಟ್ಟುಕೊಟ್ಟ ಮನೆತನದವರು ಈಗಲೂ ಊರಲ್ಲಿರಬಹುದು.

ಮುಚ್ಚಿದ ಆದೇಶಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ 30 ದಿನದಲ್ಲಿ ಬರಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ನಿಮ್ಮ ಸ್ಟೇಷನ್ ಯಾವ ವಿಭಾಗಕ್ಕೆ ಸೇರಿತ್ತೋ ಆ ವಿಭಾಗದ ಮಾಹಿತಿ ಅಧಿಕಾರಿಗೆ. "ಸ್ಟೇಷನ್ನಿನ ಇತಿಹಾಸ ಕೊಡಿ" ಅಂತ ಬರೆದರೆ "ಮಾಹಿತಿ ಲಭ್ಯವಿಲ್ಲ" ಅಂತ ಬರುತ್ತದೆ. ಕಾಗದದ ಹೆಸರು ಹೇಳಿ ಕೇಳಬೇಕು. ಹೀಗೆ ಬರೆಯಿರಿ:

"ಇಂಥ ಸ್ಟೇಷನ್ನಿನ (ಕೋಡ್ ಇಂಥದ್ದು) ಕೊನೆಯ ಸ್ಟೇಷನ್ ವರ್ಕಿಂಗ್ ರೂಲ್ಸ್ ಪ್ರತಿ; ಸ್ಟೇಷನ್ನನ್ನು ಹಾಲ್ಟ್ ಆಗಿ ಇಳಿಸಿದ ಆದೇಶದ ಪ್ರತಿ; ಮುಚ್ಚಿದ ಆದೇಶ ಮತ್ತು ಅದಕ್ಕೆ ಆಧಾರವಾದ ಟಿಪ್ಪಣಿಯ ಪ್ರತಿ; ಯಾರ್ಡ್ ನಕ್ಷೆಯ ಪ್ರತಿ; ಈ ಕಡತಗಳನ್ನು ನಾಶ ಮಾಡಿದ್ದರೆ ನಾಶ ಮಾಡಿದ ದಾಖಲೆಯ ಪ್ರತಿ."

ಕೊನೆಯ ಸಾಲು ತುಂಬಾ ಮುಖ್ಯ. ಕಡತ ಇಲ್ಲ ಅಂದರೆ ಅದು ಎಲ್ಲಿಗೆ ಹೋಯಿತು ಅಂತಾದರೂ ಗೊತ್ತಾಗಬೇಕು. ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಯಾದರೆ ಕಾಯ್ದೆಯ 8(3)ನೇ ಕಲಂ ಅನ್ನೂ ನಮೂದಿಸಿ, ಹಳೇ ವಿಷಯಕ್ಕೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ, ಅಲ್ಲಿಗೇ ಬಿಡಬೇಡಿ.

ಬರೆಯುವಾಗ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಇಸವಿ, ಯಾವುದರ ಇಸವಿ, ಯಾರು ಹೇಳಿದ್ದು, ನೀವು ಕಣ್ಣಾರೆ ಕಂಡಿರಾ ಇಲ್ಲವಾ. ಸಿಕ್ಕಿದ್ದೆಲ್ಲ ಮೊದಲು ಈ ಹಾಳೆಗೆ ಬರಲಿ, ಆಮೇಲೆ ಬರವಣಿಗೆಗೆ. ಎರಡು ಇಸವಿ ಜಗಳವಾಡಿದರೆ ಒಂದನ್ನು ಹೊಡೆದುಹಾಕಬೇಡಿ. ಎರಡನ್ನೂ ಬರೆದು, ಯಾವುದು ಎಲ್ಲಿಂದ ಬಂತು ಅಂತ ಹೇಳಿ. ಓದುವವರಲ್ಲಿ ಯಾರೋ ಒಬ್ಬರ ಮನೆಯಲ್ಲಿ ಅದನ್ನು ಬಿಡಿಸುವ ಕಾಗದ ಇರಬಹುದು.

ಬರೆದದ್ದನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬೇಡಿ. ಒಂದು ಪ್ರತಿ ಊರಿನ ಲೈಬ್ರರಿಗೆ, ಒಂದು ಶಾಲೆಗೆ. ಮೈಸೂರಿನಲ್ಲಿ 1979ರಿಂದಲೂ ಹುಬ್ಬಳ್ಳಿಯಲ್ಲಿ 2020ರಿಂದಲೂ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿಗೂ ಒಂದೊಂದು ಕಳಿಸಿ. ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ನೀವೇ ತೆಗೆದವನ್ನು ಮಾತ್ರ ಹಾಕಿ. ತೆಗೆದ ದಿನ, ನಿಂತ ದಿಕ್ಕು, ಹಿಂದೆ ಕಾಣುವುದೇನು ಅಂತ ಕನ್ನಡದಲ್ಲೂ ಬರೆಯಿರಿ. ಮನೆಯವರು ಕೊಟ್ಟ ಹಳೇ ಫೋಟೋ ಅವರದ್ದು, ಅವರು ಒಪ್ಪಿದರಷ್ಟೇ. ಮೊದಲ ಪ್ರತಿ ಮಾತ್ರ ನಿಮಗೆ ಕಥೆ ಹೇಳಿದ ಅಜ್ಜನ ಮನೆಗೆ ಹೋಗಬೇಕು. ಪಕ್ಕದಲ್ಲಿ ಕೂತು ಓದಿ ಹೇಳಿ, ತಪ್ಪಿದ್ದ ಕಡೆ ಅವರು ತಡೆದು ಹೇಳುತ್ತಾರೆ, ಅದನ್ನು ಅಲ್ಲೇ ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.